ಪ್ರಾಣ ಕೊಟ್ಟ ಪೊಲೀಸರನ್ನು ಊರಿನ ಸಭೆಯಲ್ಲಿ ನೆನೆಯುವುದು ಹೇಗೆ?

ಕರ್ತವ್ಯದಲ್ಲಿದ್ದಾಗ ತೀರಿಕೊಂಡ ಪೊಲೀಸರೊಬ್ಬರಿಗೆ ನಿಮ್ಮ ಸ್ಥಳೀಯ ಆಡಳಿತದ ಸಾರ್ವಜನಿಕ ಸಭೆಯಲ್ಲಿ ಗೌರವ ಸಲ್ಲಿಸಬೇಕು ಅಂತ ಅನ್ನಿಸಿದೆಯಾ? ಹಾಗಾದರೆ ಫೋಟೊ, ಭಾಷಣ, ಫಲಕ ಅಂತ ಓಡಾಡುವ ಮೊದಲು ಅವರ ಮನೆಯವರನ್ನು ಕೇಳಿ.

ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಜೊತೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಆ ಮನೆಯವರ ಸಂಪರ್ಕದಲ್ಲಿ ಇರುತ್ತಾರೆ, ಅವರ ಮೂಲಕ ಕೇಳಿಸಿ. ಈ ಕಾರ್ಯಕ್ರಮ ಅವರಿಗೆ ಬೇಕಾ, ಯಾವ ಫೋಟೊ ಇಡಬೇಕು, ಸಾವು ಹೇಗಾಯಿತು ಅನ್ನೋದನ್ನು ಎಲ್ಲರೆದುರು ಹೇಳಬಹುದಾ, ಮಕ್ಕಳು ಬರುತ್ತಾರಾ, ಮನೆಯವರಲ್ಲಿ ಯಾರಾದರೂ ಮಾತಾಡಲು ಬಯಸುತ್ತಾರಾ, ಇದೆಲ್ಲ ಮೊದಲೇ ಗೊತ್ತಿರಬೇಕು. ಬೇಡ ಅಂದರೆ ಬಿಟ್ಟುಬಿಡಿ, ಒತ್ತಾಯ ಮಾಡಬೇಡಿ.

ಒಪ್ಪಿದರೆ ದಿನ ನೋಡಿ. ಭಾರತದಲ್ಲಿ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಹತ್ತಿರ ಚೀನಾ ಸೈನಿಕರ ದಾಳಿಯಲ್ಲಿ 10 ಪೊಲೀಸರು ಸತ್ತರು. ಅಮೆರಿಕದಲ್ಲಿ ಮೇ 15, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಸೆಪ್ಟೆಂಬರ್ 29. ಆ ದಿನದ ಹತ್ತಿರ ಬರುವ ಸಭೆ ಒಳ್ಳೆಯದು. ಆದರೆ ಮನೆಯವರು ಅವರು ತೀರಿಕೊಂಡ ದಿನವೇ ಆಗಲಿ ಅಂದರೆ ಅವರ ಮಾತೇ ನಡೆಯಲಿ.

ಆಮೇಲೆ ಕಚೇರಿಗೆ ಹೋಗಿ ಕಾರ್ಯಸೂಚಿ ಯಾವಾಗ ಅಂತಿಮವಾಗುತ್ತದೆ ಅಂತ ಕೇಳಿ, ಅದಕ್ಕೂ ಮೊದಲೇ ಬರವಣಿಗೆಯಲ್ಲಿ ಅರ್ಜಿ ಕೊಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಸಾರ್ವಜನಿಕರಿಗೆ ಮಾತಾಡಲು ಕೊಡುವ ಎರಡು ಮೂರು ನಿಮಿಷದಲ್ಲಿ ಎದ್ದು ನಿಂತು ಹೇಳಿದರೆ ಅದು ಅಲ್ಲಿಗೇ ಮುಗಿದುಹೋಗುತ್ತದೆ. ಯಾರಾದರೂ ಸದಸ್ಯರಿಂದ ನಿರ್ಣಯ ಮಂಡಿಸಿ, ಅದು ಪಾಸಾದರೆ ಆ ಹೆಸರು ನಡಾವಳಿ ಪುಸ್ತಕದಲ್ಲಿ ಉಳಿಯುತ್ತದೆ. ಐವತ್ತು ವರ್ಷ ಬಿಟ್ಟು ಮೊಮ್ಮಕ್ಕಳು ಹುಡುಕಿಕೊಂಡು ಬಂದರೂ ಸಿಗಬೇಕು, ಅಲ್ವಾ?

ಈ ವಿಷಯ ಸಭೆಯಲ್ಲಿ ಮೊದಲನೆಯದಾಗಿಯೇ ಬರಲಿ. ಚರಂಡಿ, ತೆರಿಗೆ, ಟೆಂಡರ್ ಜಗಳ ಮುಗಿಯುವ ತನಕ ಆ ಮನೆಯವರನ್ನು ಕೂರಿಸಬೇಡಿ. ಗೌರವ ಸಲ್ಲಿಸಿದ ಮೇಲೆ ಐದು ನಿಮಿಷ ಬಿಡುವು ಕೊಟ್ಟರೆ ಅವರು ಸಮಾಧಾನವಾಗಿ ಹೊರಡಬಹುದು.

ಓದುವ ಮಾತು ಒಂದು ಪುಟ ಸಾಕು. ಹೆಸರಿನ ಅಕ್ಷರ, ಹುದ್ದೆ, ಸೇವೆಗೆ ಸೇರಿದ ವರ್ಷ ಇವನ್ನು ಇಲಾಖೆಯಿಂದಲೂ ಮನೆಯಿಂದಲೂ ಖಚಿತ ಮಾಡಿಕೊಳ್ಳಿ. ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತಲೂ ಕೇಳಿ, ಯಾಕೆಂದರೆ ಆ ಸಭೆಯಲ್ಲಿ ತಾಯಿಯ ಎದುರು ಮಗನ ಹೆಸರು ತಪ್ಪಾಗಿ ಓದಿದರೆ ಅದಕ್ಕಿಂತ ದೊಡ್ಡ ನೋವಿಲ್ಲ. ಸತ್ತ ರೀತಿಗಿಂತ ಬದುಕಿದ ರೀತಿಯ ಬಗ್ಗೆ ಜಾಸ್ತಿ ಬರೆಯಿರಿ. ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದರೆ ಆರೋಪಿಗಳ ಮಾತೇ ಬೇಡ. ಪಕ್ಷ ರಾಜಕೀಯವೂ ಬೇಡ.

ಗುಂಡೇಟಿಗೆ ಸತ್ತವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. 2020 ಮತ್ತು 2021ರಲ್ಲಿ ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸತ್ತ ಪೊಲೀಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರನ್ನು ಕೊಂದದ್ದು ಕೋವಿಡ್. ರಸ್ತೆ ಅಪಘಾತದಲ್ಲಿ ಹೋದವರೂ ಇದ್ದಾರೆ. ಅವರ ಮನೆಯಲ್ಲೂ ಒಂದು ಕುರ್ಚಿ ಖಾಲಿಯಾಗಿದೆ.

ಪೊಲೀಸರ ಮೇಲೆ ದೂರು ಇರುವವರೂ ಸಭೆಗೆ ಬರಬಹುದು. ಅವರ ಬಾಯಿ ಮುಚ್ಚಿಸಬೇಡಿ, ಅದೂ ಅವರ ಹಕ್ಕು. ಅದಕ್ಕೆ ಬೇರೆ ವಿಷಯ ಸಂಖ್ಯೆ ಕೊಟ್ಟು, ಸಮಯವನ್ನೂ ಮೊದಲೇ ತಿಳಿಸಿದರೆ ಎರಡೂ ಮರ್ಯಾದೆಯಿಂದ ನಡೆಯುತ್ತವೆ.

ಮೌನಾಚರಣೆ ಪೂರ್ತಿ ಒಂದು ನಿಮಿಷ ಇರಲಿ. ಇಪ್ಪತ್ತು ಸೆಕೆಂಡಿಗೇ ಮುಗಿಸುವುದನ್ನು ಎಷ್ಟೋ ಕಡೆ ನೋಡಿದ್ದೇವೆ. ಗಡಿಯಾರ ನೋಡಲು ಒಬ್ಬರನ್ನು ನೇಮಿಸಿ, ಮೊಬೈಲ್ ಆಫ್ ಮಾಡಿ ಅಂತ ಮೊದಲೇ ಹೇಳಿ, ಏಳಲು ಆಗದವರು ಕೂತೇ ಇರಬಹುದು ಅಂತಲೂ ಹೇಳಿ.

ಸಭೆ ಮುಗಿದ ಮೇಲೆ ನಡಾವಳಿಯ ದೃಢೀಕೃತ ಪ್ರತಿ ತೆಗೆದುಕೊಂಡು ಹೋಗಿ ಮನೆಯವರ ಕೈಗೆ ಕೊಡಿ. ಮುಂದಿನ ವರ್ಷದ ದಿನವನ್ನೂ ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.