ಪಲ್ಸಾರ್‌ನ ನಾಡಿ ಹಿಡಿಯಲು ಮನೆಯ ಲ್ಯಾಪ್‌ಟಾಪ್ ಸಾಕು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ನ್ಯೂಟ್ರಾನ್ ನಕ್ಷತ್ರಗಳ ಎಕ್ಸ್-ರೇ ಅಭ್ಯಾಸ ಮಾಡಲು ಊರಿನ ಆಕಾಶ ಹೇಗಿದ್ದರೂ ಅಡ್ಡಿಯಿಲ್ಲ. ದೊಡ್ಡ ನಕ್ಷತ್ರ ಸತ್ತಾಗ ಉಳಿಯುವ ಈ ದಟ್ಟ ತಿರುಳು ತಿರುಗುತ್ತ ಮಿಡಿದಂತೆ ಕಂಡರೆ ಅದೇ ಪಲ್ಸಾರ್, ಆ ಮಿಡಿತವೇ ಅದರ ನಾಡಿ. ಗಣಿಧೂಳು, ಬೇಸಿಗೆಯ ಮಬ್ಬು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಬಾನಿನಿಂದ ಬರುವ ಎಕ್ಸ್-ರೇಯನ್ನು ವಾತಾವರಣ ಮೇಲೆಯೇ ಹೀರಿಬಿಡುವುದರಿಂದ ಅಳೆಯುವ ಉಪಕರಣಗಳೆಲ್ಲ ಕಕ್ಷೆಯಲ್ಲೇ ಇವೆ. ಅವು ಕಳಿಸಿದ ದತ್ತಾಂಶ ಯಾರಿಗಾದರೂ ಉಚಿತ. ಬಿ.ಎಸ್ಸಿ. ಮಟ್ಟದ ಭೌತಶಾಸ್ತ್ರ, ಸ್ವಲ್ಪ ಪೈಥಾನ್ ಗೊತ್ತಿದ್ದರೆ ಸಾಕು.

ಮೊದಲ ಅಭ್ಯಾಸಕ್ಕೆ ಕ್ರ್ಯಾಬ್ ಪಲ್ಸಾರ್ ಬಿಟ್ಟು ಬೇರೆಯದಕ್ಕೆ ಕೈಹಾಕಬೇಡಿ. ಸೆಕೆಂಡಿಗೆ ಸುಮಾರು 29.6 ಸಲ ತಿರುಗುವ ಇದು, ನೂರಾರು ಸಲ ತಿರುಗುವ ಮಿಲಿಸೆಕೆಂಡ್ ಪಲ್ಸಾರ್‌ಗಳ ಮುಂದೆ ನಿಧಾನವೇ. ಆದರೆ ಬಹಳ ಪ್ರಖರ. ತಪ್ಪಾದರೆ ಎಲ್ಲಿ ತಪ್ಪಿತು ಎಂದು ಗೊತ್ತಾಗುತ್ತದೆ. ಚಳಿಗಾಲದ ರಾತ್ರಿ ಬಳ್ಳಾರಿಯಲ್ಲಿ ಇದು ನೆತ್ತಿಯಿಂದ 7 ಡಿಗ್ರಿ ಉತ್ತರಕ್ಕೆ, ವೃಷಭ ರಾಶಿಯಲ್ಲಿ ಹಾದುಹೋಗುತ್ತದೆ.

ಬೇಕಾದದ್ದು

8 ಜಿಬಿ ರ‍್ಯಾಮ್, 100 ಜಿಬಿ ಖಾಲಿ ಜಾಗವಿರುವ ಲ್ಯಾಪ್‌ಟಾಪ್. ವಿಂಡೋಸ್ ಇದ್ದರೆ ಅದರೊಳಗೇ ಡಬ್ಲ್ಯುಎಸ್ಎಲ್ (ಲಿನಕ್ಸ್ ಓಡಿಸುವ ಸೌಲಭ್ಯ) ಮೂಲಕ ಉಬುಂಟು ಲಿನಕ್ಸ್ ಹಾಕಿಕೊಳ್ಳಿ. ಎಕ್ಸ್-ರೇ ದತ್ತಾಂಶ ಸಂಸ್ಕರಿಸುವ ನಾಸಾದ ಹೀಸಾಫ್ಟ್ ತಂತ್ರಾಂಶ, ನೈಸರ್ ಎಂಬ ಎಕ್ಸ್-ರೇ ದೂರದರ್ಶಕದ ಕ್ಯಾಲಿಬ್ರೇಶನ್ ಫೈಲುಗಳು, ಪೈಥಾನ್‌ನ ಆಸ್ಟ್ರೋಪೈ, ನಂಪೈ ಇರಬೇಕು. ಹೀಸಾಫ್ಟನ್ನು ಮೂಲ ಕೋಡಿನಿಂದ ಕಟ್ಟುವಾಗ ಪ್ರೊಸೆಸರ್ ಬಹಳ ಹೊತ್ತು ಪೂರ್ತಿ ದುಡಿಯುತ್ತದೆ. ಏಪ್ರಿಲ್-ಮೇ ಬಿಸಿಲಿನ ಮಧ್ಯಾಹ್ನ ಈ ಕೆಲಸ ಬೇಡ, ಬೆಳಗಿನ ಜಾವ ಮಾಡಿ.

ನೈಸರ್ 2017ರ ಜೂನ್‌ನಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದೆ. ಬಂದ ಪ್ರತಿ ಫೋಟಾನಿನ ವೇಳೆಯನ್ನು 300 ನ್ಯಾನೋಸೆಕೆಂಡ್‌ಗಿಂತ ನಿಖರವಾಗಿ ಬರೆದಿಡುತ್ತದೆ. ನಾಸಾದ ಹೀಸಾರ್ಕ್ ಭಂಡಾರದಲ್ಲಿ ಕ್ರ್ಯಾಬ್ ಎಂದು ಹುಡುಕಿ, 1,000ದಿಂದ 2,000 ಸೆಕೆಂಡ್ ಅವಧಿಯ ಒಂದು ವೀಕ್ಷಣೆ ಆರಿಸಿ. 2023ರ ಮೇಗಿಂತ ಹಿಂದಿನದಾದರೆ ಒಳ್ಳೆಯದು. ಆ ತಿಂಗಳು ಉಪಕರಣದ ಉಷ್ಣಕವಚ ಹರಿದು ಹಗಲಿನ ಬೆಳಕು ಒಳನುಗ್ಗತೊಡಗಿತು, 2025ರ ಜನವರಿಯಲ್ಲಿ ಗಗನಯಾತ್ರಿಯೊಬ್ಬರು ಹೊರಗಿಳಿದು ತೇಪೆ ಹಾಕಿದರು. ಜೂನ್ ತಿಂಗಳ ಕ್ರ್ಯಾಬ್ ದತ್ತಾಂಶ ಹುಡುಕಿ ಫಲವಿಲ್ಲ, ಸೂರ್ಯ ಆಗ ಅದೇ ದಿಕ್ಕಿನಲ್ಲಿರುತ್ತಾನೆ. ಡೌನ್‌ಲೋಡ್‌ಗೆ ವಿಗೆಟ್ ಆಜ್ಞೆಯನ್ನು ‘-ಸಿ’ ಸೇರಿಸಿ ಬಳಸಿ. ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಗಡಿಯಾರ ಸರಿಪಡಿಸುವುದು

ಮೊದಲು ನೈಸರ್‌ಎಲ್2 ಆಜ್ಞೆ ಓಡಿಸಿ. ಕೆಟ್ಟ ಅವಧಿಗಳನ್ನು ತೆಗೆದು, ಹೆಸರಿನ ಕೊನೆಯಲ್ಲಿ ‘ಸಿಎಲ್’ ಇರುವ ಫೋಟಾನ್ ಪಟ್ಟಿ ಕೊಡುತ್ತದೆ. ಕ್ರ್ಯಾಬ್‌ನಿಂದ ಸೆಕೆಂಡಿಗೆ ಹತ್ತು ಸಾವಿರದಷ್ಟು ಫೋಟಾನ್ ಬರುವುದರಿಂದ 1,000 ಸೆಕೆಂಡಿಗೆ ಕೋಟಿ ಸಾಲು ಇದ್ದರೆ ಗಾಬರಿಯಾಗಬೇಡಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಿಲ್ದಾಣ ಭೂಮಿಯ ಕೇಂದ್ರದಿಂದ ಸುಮಾರು 6,800 ಕಿ.ಮೀ. ದೂರದಲ್ಲಿ ಸುತ್ತುತ್ತದೆ. ಬೆಳಕಿಗೆ ಅದು 22 ಮಿಲಿಸೆಕೆಂಡ್‌ಗೂ ತುಸು ಹೆಚ್ಚಿನ ದಾರಿ. ಒಂದು ಸುತ್ತಿನಲ್ಲೇ ಫೋಟಾನ್ ತಲುಪುವ ಹೊತ್ತು 45 ಮಿಲಿಸೆಕೆಂಡ್‌ವರೆಗೆ ಹಿಂದೆಮುಂದೆ ಆಗಬಹುದು. ಕ್ರ್ಯಾಬ್‌ನ ಒಂದು ಸುತ್ತೇ 34 ಮಿಲಿಸೆಕೆಂಡ್ ಇರುವಾಗ ನಾಡಿ ಉಳಿಯುವುದೆಲ್ಲಿ? ಭೂಮಿ ಸೂರ್ಯನನ್ನು ಸುತ್ತುವ ವೇಗ ಇನ್ನೂ ದೊಡ್ಡ ಕಾಟ: ಆವರ್ತನವನ್ನು 0.003 ಹರ್ಟ್ಜ್‌ವರೆಗೆ ಆಚೀಚೆ ಎಳೆಯುತ್ತದೆ, 1,000 ಸೆಕೆಂಡಿಗೆ ಮೂರು ಸುತ್ತು ತಪ್ಪುತ್ತದೆ. ಆದ್ದರಿಂದ ಪ್ರತಿ ಫೋಟಾನಿನ ವೇಳೆಯನ್ನು ಸೌರವ್ಯೂಹದ ದ್ರವ್ಯಕೇಂದ್ರದಲ್ಲಿ ನಿಂತು ನೋಡಿದ ವೇಳೆಗೆ ಬದಲಿಸಬೇಕು.

ಇದನ್ನು ಮಾಡುವುದು ಬ್ಯಾರಿಕಾರ್ ಆಜ್ಞೆ. ಅದಕ್ಕೆ ‘ಸಿಎಲ್’ ಫೈಲ್, ‘ಆಕ್ಸಿಲ್’ ಫೋಲ್ಡರಿನ ಕಕ್ಷಾ ಫೈಲ್, ಆರ್‌ಎ 83.6332, ಡೆಕ್ 22.0145 (ಆಕಾಶದಲ್ಲಿ ಕ್ರ್ಯಾಬ್ ಇರುವ ಸ್ಥಾನದ ಎರಡು ಅಂಕಿ) ಕೊಡಿ, ಸ್ಥಾನ ಗುರುತಿಸುವ ಚೌಕಟ್ಟು ಐಸಿಆರ್‌ಎಸ್, ಗ್ರಹಗಳ ಸ್ಥಾನಪಟ್ಟಿ ಜೆಪಿಎಲ್ 430. ಆರ್‌ಎ ಡಿಗ್ರಿಯಲ್ಲೇ ಇರಬೇಕು. ಪುಸ್ತಕ ನೋಡಿ 5.58 ಗಂಟೆ ಎಂದು ಹಾಕಿದರೆ ತಂತ್ರಾಂಶ ತುಟಿ ಪಿಟಕ್ಕೆನ್ನದೆ ಬೇರೆ ದಿಕ್ಕಿಗೆ ಲೆಕ್ಕ ಮಾಡಿಕೊಡುತ್ತದೆ. ಕೆಲಸ ಮುಗಿದ ಮೇಲೆ ಫೈಲಿನ ಹೆಡರ್ ತೆರೆದು ಟೈಮ್‌ಸಿಸ್ ಸಾಲು ನೋಡಿ, ‘ಟಿಡಿಬಿ’ (ದ್ರವ್ಯಕೇಂದ್ರದ ವೇಳೆ) ಎಂದಿರಬೇಕು. ನೈಸರ್‌ಎಲ್2 ಮುಗಿಯುವ ಮೊದಲು ಬ್ಯಾರಿಕಾರ್ ಓಡಿಸಬೇಡಿ. ಓಡಿಸಿದರೆ ಫೋಟಾನಿನ ವೇಳೆಗೂ ಉಪಕರಣದ ಸ್ಥಿತಿಪಟ್ಟಿಯ ವೇಳೆಗೂ ತಾಳ ತಪ್ಪುತ್ತದೆ.

ಮಡಚುವುದು

ಈಗ ಪೈಥಾನ್. ಪಿಐ ಅಂಕಣದಲ್ಲಿ 100ರಿಂದ 1000 ಇರುವ ಫೋಟಾನ್‌ಗಳನ್ನಷ್ಟೇ ಇಟ್ಟುಕೊಳ್ಳಿ (ಪಿಐ ಫೋಟಾನಿನ ಶಕ್ತಿ ಹೇಳುವ ಅಂಕಿ, ಒಂದು ಪಿಐ ಎಂದರೆ 10 ಎಲೆಕ್ಟ್ರಾನ್ ವೋಲ್ಟ್). ಮೊದಲ ಫೋಟಾನಿನ ವೇಳೆಯನ್ನು ಎಲ್ಲದರಿಂದ ಕಳೆಯಿರಿ, ಆವರ್ತನದಿಂದ ಗುಣಿಸಿ, ಪೂರ್ಣಾಂಕ ಬಿಟ್ಟು ಉಳಿದ ಭಿನ್ನರಾಶಿಯನ್ನು 64 ಮನೆಗಳಿಗೆ ಹಂಚಿ. ಸೀರೆ ಮಡಚುವಾಗ ಮಡಿಕೆಯ ಅಳತೆ ಕೂದಲೆಳೆ ತಪ್ಪಿದರೂ ಹತ್ತನೇ ಮಡಿಕೆಗೆ ಅಂಚು ಜಾರಿರುತ್ತದಲ್ಲ, ಇಲ್ಲಿ ಮಡಿಕೆ ಮೂವತ್ತು ಸಾವಿರ.

ಆ ಅಳತೆ ಎಲ್ಲಿಂದ ತರುವುದು? ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯ ಕ್ರ್ಯಾಬ್‌ನ ಆವರ್ತನವನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ. ನಿಮ್ಮ ವೀಕ್ಷಣೆಯ ತಿಂಗಳದ್ದನ್ನೇ ತೆಗೆದುಕೊಳ್ಳಿ. ಪಲ್ಸಾರ್ ನಿಧಾನವಾಗುತ್ತಲೇ ಇದೆ. ತಿಂಗಳಿಗೆ ಸುಮಾರು 0.001 ಹರ್ಟ್ಜ್ ಇಳಿಯುತ್ತದೆ. ಹಳೆಯ ಪುಸ್ತಕದ 30.2 ಹರ್ಟ್ಜ್ ನಂಬಿ ಕೂತರೆ ಏನೂ ಸಿಗದು. ಪಟ್ಟಿಯ ಬೆಲೆಯ ಆಚೀಚೆ 0.005 ಹರ್ಟ್ಜ್‌ವರೆಗೆ, 0.0001ರ ಹೆಜ್ಜೆಯಲ್ಲಿ ಮಡಚಿ ಪ್ರತಿ ಸಲ ಕೈ-ವರ್ಗ (ಕೈ-ಸ್ಕ್ವೇರ್: 64 ಮನೆಗಳ ಎಣಿಕೆ ಸಮ ಹಂಚಿಕೆಯಿಂದ ಎಷ್ಟು ದೂರವಿದೆ ಎಂಬ ಅಳತೆ) ಲೆಕ್ಕಹಾಕಿ. ನಾಡಿ ಇಲ್ಲದಿದ್ದರೆ ಅದು 63ರ ಸುತ್ತಮುತ್ತ ಇರುತ್ತದೆ. ಆವರ್ತನ ಸರಿಹೊಂದಿದಾಗ ಸಾವಿರಗಳನ್ನು ದಾಟುತ್ತದೆ.

ದಾಟಲಿಲ್ಲವೇ? ಮೊದಲು ಅಂಕಣದ ಬಗೆ ನೋಡಿ. ನೈಸರ್ ವೇಳೆ 2014ರ ಆರಂಭದಿಂದ ಎಣಿಸಿದ ಸೆಕೆಂಡುಗಳು, ಇಪ್ಪತ್ತು-ಮೂವತ್ತು ಕೋಟಿಯಷ್ಟು. ಅದನ್ನು ಫ್ಲೋಟ್32ಕ್ಕೆ ಇಳಿಸಿದರೆ ಸಂಖ್ಯೆ 16 ಅಥವಾ 32 ಸೆಕೆಂಡಿನ ಹೆಜ್ಜೆಯಲ್ಲಿ ಜಿಗಿಯುತ್ತದೆ, ನಾಡಿ ಸತ್ತೇಹೋಗುತ್ತದೆ. ಫ್ಲೋಟ್64 ಇರಲಿ. ಕೈ-ವರ್ಗದ ಗ್ರಾಫಿನಲ್ಲಿ ಮುಖ್ಯ ಶಿಖರದ ಅಕ್ಕಪಕ್ಕ ಸಮದೂರದಲ್ಲಿ ಮರಿಶಿಖರಗಳು ಎದ್ದರೆ ಅದು ನಕ್ಷತ್ರದ್ದಲ್ಲ. ನಿಲ್ದಾಣ ಸುಮಾರು 92 ನಿಮಿಷಕ್ಕೊಮ್ಮೆ ಸುತ್ತುವಾಗ ವೀಕ್ಷಣೆ ತುಂಡಾಗುವುದರಿಂದ ಬರುವ ನೆರಳು. ಒಂದೇ ತುಂಡು ಬಳಸಿದರೆ ಹೋಗುತ್ತದೆ. ಇನ್ನೊಂದು: ಮಡಚಿದ ನಾಡಿಯ ಗ್ರಾಫಿನ ನಿಂತ ಅಕ್ಷವನ್ನು ಸೊನ್ನೆಯಿಂದ ಶುರುಮಾಡಬೇಡಿ. ಬರುವ ಫೋಟಾನ್‌ಗಳಲ್ಲಿ ಬಹುಪಾಲು ಸುತ್ತಲಿನ ನೀಹಾರಿಕೆಯವು, ನಾಡಿ ಅದರ ಮೇಲೆ ಸಣ್ಣಗೆ ಕೂತಿರುತ್ತದೆ. ಅಕ್ಷ ಸರಿಯಿದ್ದರೆ ಸುತ್ತಿನ 0.4 ಭಾಗದ ಅಂತರದಲ್ಲಿ ಎರಡು ಶಿಖರ ಸ್ಪಷ್ಟವಾಗಿ ಕಾಣುತ್ತವೆ.

ಮಿಲಿಸೆಕೆಂಡ್ ಲೋಕಕ್ಕೆ

ಇಲ್ಲಿಂದ ಮುಂದೆ ತಾಳ್ಮೆಯ ಕೆಲಸ. ಪಿಎಸ್ಆರ್ ಜೆ0030+0451 ಸೆಕೆಂಡಿಗೆ 205 ಸಲ ತಿರುಗುತ್ತದೆ. ಅದರ ಮೇಲಿನ ಬಿಸಿ ಕಲೆಗಳ ಎಕ್ಸ್-ರೇ ನಾಡಿಯ ಆಕಾರದಿಂದಲೇ 2019ರಲ್ಲಿ ಎರಡು ತಂಡಗಳು ನಕ್ಷತ್ರದ ತ್ರಿಜ್ಯ ಸುಮಾರು 13 ಕಿ.ಮೀ. ಎಂದು ಅಳೆದವು. ಆದರೆ ಬಹಳ ಮಂಕು. ಆ ಅಳತೆಗೆ 19 ಲಕ್ಷ ಸೆಕೆಂಡಿನ ದತ್ತಾಂಶ ಬೇಕಾಯಿತು. ಹೊಸಬರಿಗೆ ಎಸ್ಎಎಕ್ಸ್ ಜೆ1808.4-3658 ವಾಸಿ. 1996ರಲ್ಲಿ ಪತ್ತೆಯಾದ ಇದರ ನಾಡಿ ಸಿಕ್ಕಿದ್ದು 1998ರಲ್ಲಿ, ವೇಗ 401 ಹರ್ಟ್ಜ್. ಸಂಗಾತಿ ನಕ್ಷತ್ರದಿಂದ ಅನಿಲ ಸುರಿದಾಗ ಮಾತ್ರ ಉರಿದೇಳುತ್ತದೆ. 2019 ಮತ್ತು 2022ರ ಆಗಸ್ಟ್ ದತ್ತಾಂಶ ತೆಗೆದುಕೊಳ್ಳಿ.

ತೊಡಕೆಂದರೆ, ಅದು ಸಂಗಾತಿಯೊಡನೆ 2 ಗಂಟೆಗೊಮ್ಮೆ ಸುತ್ತುವುದರಿಂದ ಆವರ್ತನ 0.02 ಹರ್ಟ್ಜ್‌ನಷ್ಟು ಏರಿಳಿಯುತ್ತದೆ. ಇಡೀ ವೀಕ್ಷಣೆ ಒಟ್ಟಿಗೆ ಮಡಚಿದರೆ ಎಲ್ಲ ಕಲಸಿಹೋಗುತ್ತದೆ. 150-200 ಸೆಕೆಂಡಿನ ತುಣುಕು ಮಾಡಿ, ಪ್ರತಿಯೊಂದರಲ್ಲೂ ಬೇರೆಯಾಗಿ ಆವರ್ತನ ಹುಡುಕಿ, ಸಿಕ್ಕಿದ್ದನ್ನು ವೇಳೆಗೆ ಎದುರಾಗಿ ಗುರುತಿಸಿ. ನಿಲ್ದಾಣದ ಸುತ್ತು 92 ನಿಮಿಷ, ಈ ಜೋಡಿಯದು 121 ನಿಮಿಷ. ಎರಡೂ ಹೊಂದದ ಕಾರಣ ಒಂದು ದಿನದ ದತ್ತಾಂಶದಲ್ಲಿ ಅಲೆಯ ಬೇರೆಬೇರೆ ಭಾಗಗಳ ಬಿಂದುಗಳು ಸಿಗುತ್ತವೆ. ಎಲ್ಲವನ್ನೂ 121 ನಿಮಿಷದ ಅಳತೆಗೆ ಇನ್ನೊಮ್ಮೆ ಮಡಚಿದರೆ ಸೈನ್ ರೇಖೆ ಮೂಡುತ್ತದೆ.