ಅಂತರ್ಯುದ್ಧ ಮುಗಿದ ದೇಶವನ್ನು ಕಟ್ಟುವುದು ಹೇಗೆ? ಮೊದಲು ಜಮೀನು ನೋಡಿ

ಮುಂಬೈ, ಡೊಂಬಿವಲಿ ಕಡೆ ಕೂತು ಕನ್ನಡದಲ್ಲೇ ಯುಪಿಎಸ್‌ಸಿ ಬರೆಯಲು ಹೊರಟ ತಮ್ಮ ತಂಗಿಯರಿಗೆ ಇದು. ಈ ಪ್ರಶ್ನೆ ಬಂದ ಕೂಡಲೇ ಎಲ್ಲರೂ ರೈಲು, ಉಕ್ಕು, ಬ್ಯಾಂಕು ಅಂತ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೋತವರಿಗೆ, ಬಡವರಿಗೆ ಜಮೀನು ಸಿಕ್ಕಿತಾ ಅಂತ ಮೊದಲು ಕೇಳಿ.

ಫಿನ್‌ಲ್ಯಾಂಡ್ ನೋಡಿ. 1918ರಲ್ಲಿ ಕೆಂಪು ಪಡೆ (ಸಮಾಜವಾದಿಗಳು), ಬಿಳಿ ಪಡೆ (ಸರ್ಕಾರದ ಕಡೆಯವರು) ಅಂತ ಕೆಲವೇ ತಿಂಗಳು ಕಾದಾಡಿದರು, ಕೆಂಪು ಪಡೆ ಸೋತಿತು. ರಣರಂಗದಲ್ಲಿ ಸತ್ತವರಿಗಿಂತ ಗುಂಡಿಕ್ಕಿ ಕೊಲ್ಲಲ್ಪಟ್ಟವರು ಮತ್ತು ಕೈದಿ ಶಿಬಿರಗಳಲ್ಲಿ ಹಸಿವು, ರೋಗದಿಂದ ಸತ್ತವರೇ ಜಾಸ್ತಿ. ಅಷ್ಟು ದ್ವೇಷ ಇದ್ದರೂ ಗೇಣಿದಾರರು ಉಳುವ ಹೊಲವನ್ನು ತಾವೇ ಕೊಳ್ಳಲು ಅದೇ ವರ್ಷ ಕಾನೂನು ಬಂತು. 1922ರಲ್ಲಿ ರೈತ ಪಕ್ಷದ ನಾಯಕ ಕಲ್ಲಿಯೋ ತಂದ ಕಾನೂನು ಜಮೀನೇ ಇಲ್ಲದವರಿಗೂ ದಾರಿ ಮಾಡಿತು. 1926ರಲ್ಲಿ ಸೋಷಿಯಲ್ ಡೆಮಾಕ್ರಟರು ಸರ್ಕಾರವನ್ನೇ ರಚಿಸಿದರು. ಸೋತ ಪಡೆ ಎದ್ದದ್ದು ಇವರ ಪಕ್ಷದೊಳಗಿಂದಲೇ, ಅದೂ ಎಂಟೇ ವರ್ಷದ ಹಿಂದೆ!

ಅಮೆರಿಕದಲ್ಲಿ ಇದು ಆಗಲಿಲ್ಲ. ಅಲ್ಲಿ ಗುಲಾಮಗಿರಿಯ ವಿಷಯಕ್ಕೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ್ದವು. 1865ರ ಜನವರಿಯಲ್ಲಿ ಉತ್ತರದ ಜನರಲ್ ಶರ್ಮನ್ ದಕ್ಷಿಣದ ಕರಾವಳಿಯಲ್ಲಿ ಬಿಡುಗಡೆಯಾದ ಗುಲಾಮರ ಒಂದೊಂದು ಕುಟುಂಬಕ್ಕೆ 40 ಎಕರೆವರೆಗೆ ಕೊಡಲು ಆದೇಶಿಸಿದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆಯ ಮಾಲೀಕರಿಗೇ ಜಮೀನು ವಾಪಸ್ ಕೊಡಿಸಿದ. ಕರಿಯರು ಪಾಲಿಗೆ ದುಡಿದು ಸಾಲದಲ್ಲಿ ಮುಳುಗಿದರು. 1877ರಲ್ಲಿ ಕೇಂದ್ರದ ಸೈನ್ಯವೂ ದಕ್ಷಿಣದಲ್ಲಿ ಕಾವಲು ಬಿಟ್ಟಿತು. ಕಾರ್ಖಾನೆ ಎಷ್ಟೇ ಬೆಳೆದರೂ ಇದನ್ನು ಪೂರ್ತಿ ಯಶಸ್ಸು ಅಂತ ನಾನು ಬರೆಯುವುದಿಲ್ಲ, ನೀವೂ ಬರೆಯಬೇಡಿ.

ಆಮೇಲೆ ರೈಲು. ಅಮೆರಿಕದ ಪೂರ್ವ ಪಶ್ಚಿಮ ಜೋಡಿಸುವ ಹಳಿಗೆ ಯುದ್ಧದ ನಡುವೆಯೇ, 1862ರಲ್ಲಿ, ಕಾನೂನು ಮಾಡಿದ್ದರು. 1869ರ ಮೇ 10ರಂದು ಎರಡು ಕಡೆಯ ಹಳಿ ಯೂಟಾದಲ್ಲಿ ಸೇರಿದವು. ಆದರೆ ನನಗೆ ಹಿಡಿಸುವುದು 1886ರ ಸಂಗತಿ: ದಕ್ಷಿಣದ ಹಳಿಗಳ ನಡುವೆ 5 ಅಡಿ ಅಂತರ ಇತ್ತು, ಉತ್ತರದ ಬೋಗಿ ಅಲ್ಲಿ ಓಡುತ್ತಿರಲಿಲ್ಲ, ಹಾಗಾಗಿ ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಎರಡೇ ದಿನದಲ್ಲಿ ಸಾವಿರಾರು ಮೈಲಿ ಉದ್ದಕ್ಕೂ ಒಂದು ಬದಿಯ ಹಳಿಯನ್ನು ಮೂರು ಇಂಚು ಒಳಗೆ ಸರಿಸಿಬಿಟ್ಟರು. ಯುದ್ಧ ನಿಂತು 21 ವರ್ಷ ಆಗಿತ್ತು.

ಮೂರನೆಯದು, ಕಚ್ಚಾ ಮಾಲು ಮಾರಿ ಕೂರಬಾರದು. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಮೆರಿಕದ ಯುದ್ಧದಲ್ಲಿ ದಕ್ಷಿಣದ ಬಂದರುಗಳು ಬಂದ್ ಆಗಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಸಿಗದೆ ಹೋದಾಗ, ನಮ್ಮ ಧಾರವಾಡ ಸೀಮೆಯ ಹತ್ತಿಯೂ ಸೇರಿ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ನಿಂತದ್ದೇ ತಡ, ಬೆಲೆ ಬಿತ್ತು, ಹತ್ತಿ ದುಡ್ಡಿನ ಅಮಲಿನಲ್ಲಿ ಮುಂಬೈಯವರು ಕೊಂಡಿದ್ದ ಶೇರುಗಳು ಮಣ್ಣುಪಾಲಾದವು. ಉಳಿದು ಬೆಳೆದದ್ದು ಹತ್ತಿಯನ್ನು ಇಲ್ಲೇ ನೂಲು ಮಾಡುವ ಕಸುಬು. ಮುಂಬೈಯ ಪರೇಲ್, ಲಾಲ್‌ಬಾಗ್ ಗಿರಣಿಗಳಿಂದಲೇ ತುಂಬಿದವು. ಜಪಾನ್ 1868-69ರ ಅಂತರ್ಯುದ್ಧದ ನಂತರ ಮಾಡಿದ್ದೂ ಇದನ್ನೇ. 1872ರಲ್ಲಿ ತೊಮಿಯೋಕದಲ್ಲಿ ಸರ್ಕಾರವೇ ರೇಷ್ಮೆ ಗಿರಣಿ ತೆರೆಯಿತು, ಫ್ರೆಂಚರಿಂದ ಕೆಲಸ ಕಲಿತ ಹೆಣ್ಣುಮಕ್ಕಳು ಊರಿಗೆ ಹೋಗಿ ಬೇರೆಯವರಿಗೆ ಕಲಿಸಿದರು.

ಪ್ರಶ್ನೆಯಲ್ಲಿ ದೇಶದ ಹೆಸರು ಕೊಟ್ಟಿಲ್ಲ ಅಂದರೆ ಫಿನ್‌ಲ್ಯಾಂಡ್, ಅಮೆರಿಕ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಅರ್ಧ ಜಾಗ ಜಮೀನಿಗೇ ಕೊಡಿ, ಜಪಾನನ್ನು ಎರಡು ಸಾಲಿನಲ್ಲಿ ಮುಗಿಸಿ.