ಆಟಿಸಂ ಅಂಕಿ ಕಂಡರೆ ಹೀಗೆ ಓದಿ

ಅಮೆರಿಕದಿಂದ ಬಂದ ಚಿಕ್ಕಮ್ಮ ಮೊನ್ನೆ ಕಾಫಿ ಕುಡಿಯುತ್ತಾ ಹೇಳಿದರು: "ಅಲ್ಲಿ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಅಂತೆ ಕಣೇ. ನಮ್ಮ ಕಡೆ ನಿನ್ನ ಮಗ ಒಬ್ಬನೇ. ಅಲ್ಲಿನ ನೀರೇ ಸರಿಯಿಲ್ಲ."

ನೀರನ್ನು ಬೈಯೋಕೆ ಮೊದಲು, ಎಣಿಸಿದ್ದು ಹೇಗೆ ಅಂತ ಕೇಳಿ. ಆ ಅಂಕಿ 2022ರದು. 16 ಕಡೆ, 8 ವರ್ಷದ ಮಕ್ಕಳ ಆಸ್ಪತ್ರೆ ಮತ್ತು ಶಾಲೆ ದಾಖಲೆ ನೋಡಿ ತೆಗೆದದ್ದು. ದಾಖಲೆಯೇ ಇಲ್ಲದ ಮಗು ಲೆಕ್ಕಕ್ಕೇ ಬರಲ್ಲ.

ಆಮೇಲೆ ಒಂದೇ ದೇಶದೊಳಗಿನ ವ್ಯತ್ಯಾಸ ನೋಡಿ. ಅದೇ ಎಣಿಕೆಯಲ್ಲಿ ಟೆಕ್ಸಾಸಿನ ಲಾರೆಡೋದಲ್ಲಿ 103ಕ್ಕೆ ಒಂದು, ಕ್ಯಾಲಿಫೋರ್ನಿಯಾದಲ್ಲಿ 19ಕ್ಕೆ ಒಂದು. ಮಕ್ಕಳು ಅಷ್ಟೊಂದು ಬೇರೆ ಇರ್ತಾರಾ? ತಪಾಸಣೆ ಎಷ್ಟು ಸುಲಭವಾಗಿ ಸಿಗುತ್ತದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ನನಗೆ ಇಷ್ಟವಾದದ್ದು ದಕ್ಷಿಣ ಕೊರಿಯಾದ ಗೋಯಾಂಗ್ ಅಧ್ಯಯನ, 2011ರದು. ಅವರು ದಾಖಲೆ ನಂಬಿ ಕೂರಲಿಲ್ಲ. ಸಾಮಾನ್ಯ ಶಾಲೆಗಳಿಗೇ ಹೋಗಿ ಹುಡುಕಿದರು. ಅಂದಾಜು 2.64% ಬಂತು. ಅದರಲ್ಲಿ ಮೂರನೇ ಎರಡು ಭಾಗದಷ್ಟು ಮಕ್ಕಳು ಯಾರ ಗಮನಕ್ಕೂ ಬಾರದೆ ಮಾಮೂಲಿ ತರಗತಿಯಲ್ಲೇ ಕೂತಿದ್ದರು!

ಯಾವ ವರ್ಷದ ಅಂಕಿ ಅಂತಲೂ ನೋಡಿ. 2013ರಲ್ಲಿ ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿ, ಅಲ್ಲಿವರೆಗೆ ಬೇರೆಯಾಗಿ ಎಣಿಸುತ್ತಿದ್ದ ಆಸ್ಪರ್ಗರ್ಸ್ ಅನ್ನೋ ಸ್ಥಿತಿಯನ್ನೂ ಆಟಿಸಂ ಜೊತೆ ಸೇರಿಸಿತು. ಹಾಗಾಗಿ ಹಿಂದಿನ, ಈಗಿನ ಅಂಕಿ ನೇರವಾಗಿ ಹೋಲಿಸೋಕೆ ಬರಲ್ಲ.

ಆಟಿಸಂ ಪತ್ತೆಗೆ ರಕ್ತ ಪರೀಕ್ಷೆ ಇಲ್ಲ, ನಡವಳಿಕೆ ನೋಡಿಯೇ ಹೇಳಬೇಕು. ನನ್ನ ಮಗ ಮೂರು ವರ್ಷಕ್ಕೆ ಬಾಟಲಿ ಮುಚ್ಚಳಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದ, ಕರೆದರೆ ತಿರುಗುತ್ತಿರಲಿಲ್ಲ. "ಗಂಡುಮಕ್ಕಳು ಮಾತಾಡೋದು ತಡ" ಅಂದರು ಒಬ್ಬ ಡಾಕ್ಟರು. ಗೊತ್ತಾದದ್ದು ಐದಕ್ಕೆ. ಆ ಎರಡು ವರ್ಷ ಅವನು ಯಾವ ಲೆಕ್ಕದಲ್ಲೂ ಇರಲಿಲ್ಲ.